ಕಪಾಟಿನ ಹಿಂದಿನ ಹೂಂ

ಒಬ್ಬಳೇ ಕೂತು ಕತೆ ಓದಿದ್ದೇ ತಪ್ಪಾಯಿತು. ಅವಳ ಕಾಡಿನ ಜನರಲ್ಲಿ ಕೇಳುವವರು ಯಾರಾದರೂ ಹೂಂಗುಟ್ಟದೆ ಕತೆ ಹೇಳುವಂತಿಲ್ಲ. ಬದುಕಿರುವವರು ಹೂಂಗುಟ್ಟದಿದ್ದರೆ ಸತ್ತವರು ಬಂದು ಹೂಂಗುಟ್ಟುತ್ತಾರಂತೆ. ಪ್ರಕಾಶನದ ಕಚೇರಿಯಲ್ಲಿ ಇದನ್ನೆಲ್ಲ ಯಾರಿಗೆ ಹೇಳುವುದು?

ಮೂಲನಿವಾಸಿ ಬರಹಗಾರರಿಗೆಂದು ಇಟ್ಟ ಫೆಲೋಶಿಪ್ಪಿನಲ್ಲಿ ಬಂದವಳು ಅವಳು. ಕಚೇರಿಯವರ ಬಾಯಲ್ಲಿ ಅವಳ ಹೆಸರೇ 'ಫೆಲೋಶಿಪ್ಪು' ಆಗಿಬಿಟ್ಟಿತ್ತು. ತೀರಿಕೊಂಡ ಅಜ್ಜಿಯ ಕತೆಗಳ ಪುಸ್ತಕ ಇವತ್ತು ಸಂಜೆಯೊಳಗೆ ಅಚ್ಚಿಗೆ ಹೋದರೆ ಸಂಪಾದಕಿಯ ಕೆಲಸ ಕಾಯಂ; ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಕರಡನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ತಾಳೆ ನೋಡಬೇಕು. ಅದು ಅಲ್ಲಿಯ ಪದ್ಧತಿ.

"ಸಾರ್, ಸ್ವಲ್ಪ ಕೂತ್ಕೊಳ್ತೀರಾ?" ಎಂದು ಹಿರಿಯ ಸಂಪಾದಕರನ್ನು ಕೇಳಿದಳು.

"ನಿಮ್ಮಜ್ಜಿ ಭಾಷೇನ ತಿದ್ದಿ ತೀಡಿ ನನ್ನ ಕಣ್ಣೇ ಹೋಯ್ತಮ್ಮ. ನೀನೇ ಓದ್ಕೋ."

ಸರಿ, ಓದಿದಳು. ಮೊದಲ ವಾಕ್ಯ ಮುಗಿದಿತ್ತಷ್ಟೇ, ಹಳೆಯ ಕಪಾಟಿನ ಹಿಂದಿನಿಂದ "ಹೂಂ" ಎಂದು ಕೇಳಿತು.

ಕಪಾಟಿಗೂ ಗೋಡೆಗೂ ನಡುವೆ ಬೆರಳು ತೂರುವಷ್ಟೂ ಜಾಗವಿರಲಿಲ್ಲ. ಅಜ್ಜಿಯ ಒಲೆಯ ಹೊಗೆ ಮಾತ್ರ ಸಣ್ಣಗೆ ಮೂಗಿಗೆ ಬಡಿಯಿತು. ಅವಳು ಕರಡಿನಲ್ಲೇ ಕಣ್ಣು ನೆಟ್ಟು ಮುಂದುವರಿಸಿದಳು: "ಮುದುಕಿ ಇಹಲೋಕ ತ್ಯಜಿಸಿದಳು."

ಸದ್ದಿಲ್ಲ. ದೀಪ ಮಂಕಾಯಿತು. ಆಮೇಲೆ ಕಿವಿಯ ಪಕ್ಕದಲ್ಲೇ, "ಉಹೂಂ."

ಅಯ್ಯೋ ದೇವರೇ ಅನ್ನುತ್ತ ಆ ತಿದ್ದುಪಡಿಯನ್ನು ಹೊಡೆದುಹಾಕಿ, "ಸತ್ತಳು" ಎಂದು ಅಜ್ಜಿಯ ಮಾತನ್ನೇ ಬರೆದು ಓದಿದಳು.

"ಹೂಂ."

ಮಧ್ಯಾಹ್ನವೆಲ್ಲ ಹೀಗೇ ಕಳೆಯಿತು. ಹಿರಿಯ ಸಂಪಾದಕರ ತಿದ್ದುಪಡಿ ಒಂದೂ ಉಳಿಯಲಿಲ್ಲ. ಇಣುಕಿ ನೋಡಿದ ಅವರು ಹೌಹಾರಿ, ಪ್ರಕಾಶಕಿಯನ್ನೇ ಕರೆತಂದರು.

"ನನ್ನ ಕೆಲಸಕ್ಕೆಲ್ಲ ಎಳ್ಳುನೀರು ಬಿಟ್ಟಿದ್ದಾಳೆ, ಮೇಡಂ!"

"ನಾನಲ್ಲ ಮೇಡಂ, ನಮ್ಮಜ್ಜಿ..." ಅವಳು ಅಳುವುದೊಂದು ಬಾಕಿ.

ಪ್ರಕಾಶಕಿ ತಾವೇ ಕರಡು ಹಿಡಿದು ಓದಿದರು. "ಹೂಂ" ಬಂತು. ಬೇಕೆಂದೇ ಒಂದು ಪದ ತಪ್ಪಿಸಿದರು. "ಉಹೂಂ!" ಹಿರಿಯ ಸಂಪಾದಕರು ಕುರ್ಚಿಯಲ್ಲಿ ಕುಸಿದರು. ಪ್ರಕಾಶಕಿಯ ಮುಖ ಮಾತ್ರ ಅರಳಿತು.

"ಪುಸ್ತಕ ಈಗಲೇ ಅಚ್ಚಿಗೆ ಹೋಗ್ಲಿ!"

"ಹಾಗಾದ್ರೆ ನನ್ನ ಕೆಲಸ, ಮೇಡಂ?"

"ನೋಡಮ್ಮ, ಇರೋದು ಒಂದೇ ಜಾಗ. ನಿಮ್ಮ ಜನಕ್ಕೇ ಕೊಡ್ತೀನಿ ಅಂದಿದ್ದೆ, ಕೊಡ್ತಿದ್ದೀನಿ." ಪ್ರಕಾಶಕಿ ಕಪಾಟಿನ ಕಡೆ ಕೈ ತೋರಿಸಿದರು. "ಇವರಿಗೆ ಅನುಭವ ಇದೆ. ರಜೆ ಕೇಳಲ್ಲ, ಸಂಬಳಾನೂ ಕೇಳಲ್ಲ."

"ಅಜ್ಜೀ, ನಿನ್ನ ಕಾಲಿಗೆ ಬೀಳ್ತೀನಿ, ಒಪ್ಕೋಬೇಡ!"

ಹೊಗೆಯ ವಾಸನೆ ಕೋಣೆಯ ತುಂಬ ಹರಡಿತು. ಪಾಪ, ಬದುಕಿದ್ದಷ್ಟು ದಿನ ಯಾವ ಕಚೇರಿಯಲ್ಲೂ ಅಜ್ಜಿಯನ್ನು ಕೂತುಕೊಳ್ಳಿ ಅಂದವರೇ ಇರಲಿಲ್ಲ. ಪ್ರಕಾಶಕಿ ಮೊಮ್ಮಗಳ ಕುರ್ಚಿಯನ್ನೇ ಎಳೆದು ಕಪಾಟಿನ ಮುಂದೆ ಇಟ್ಟರು.

"ಕೂತ್ಕೊಳ್ಳಿ ಅಮ್ಮಾ. ನಾಳೆಯಿಂದ ಬರ್ತೀರಲ್ಲ?"

ಖಾಲಿ ಕುರ್ಚಿ ಕಿರ್ರೆಂದಿತು.

"ಹೂಂ."