ಕೊನೆಯವರಿಗೆ ಮೊದಲ ಪಾಳಿ

ಗೋಣೆಪ್ಪ ತೀರಿಕೊಂಡ. ಹೋದ ಭಾನುವಾರ ಸಂಜೆ, ಕಾರವಾರದಿಂದ ಊರಿಗೆ ಬರುವಾಗ, ಗಾಡಿಯಲ್ಲಿ ಕೂತಲ್ಲೇ ಹೋದ. ಹೃದಯ ನಿಂತಿತು ಎಂದರು ಡಾಕ್ಟರು. ಅವನ ನಿವೃತ್ತಿಗೆ ಇನ್ನು ಎರಡು ತಿಂಗಳಿತ್ತು.

ಮಾತಾಡಿಸಲು ಬಂದವರಿಗೆಲ್ಲ ನನ್ನ ಹೆಂಡತಿ ಹೇಮಾ ಒಂದು ಸುದ್ದಿ ಹೇಳುತ್ತಿದ್ದಾಳೆ: ಅವತ್ತು ಸಮುದ್ರದ ದಂಡೆಯಲ್ಲಿ ಸಣ್ಣ ಮಕ್ಕಳನ್ನೆಲ್ಲ ಹಿಂದೆ ಹಾಕಿ ನಾನು ಜೋಕಾಲಿ ಆಡಿದೆನಂತೆ. ಆಡಿದ್ದು ನಿಜ. ಯಾಕೆ ಆಡಬೇಕಾಯಿತು ಎಂಬುದನ್ನು ಮಾತ್ರ ಅವಳು ಬಿಡುತ್ತಾಳೆ. (ಮೂವತ್ತು ವರ್ಷದ ಸಂಸಾರದಲ್ಲಿ ನನ್ನ ಪರವಾದ ಭಾಗವನ್ನು ಅವಳು ಬಿಡದೆ ಹೇಳಿದ್ದು ನನಗೆ ನೆನಪಿಲ್ಲ.) ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗೋಣೆಪ್ಪ ಬಯಲುಸೀಮೆಯ ನಮ್ಮ ಸಿದ್ದಾಪುರದ ಕಾಲುವೆಯಲ್ಲಿ ಗ್ಯಾಂಗ್‌ಮನ್. ಗೇಟು ಎತ್ತುವುದು, ಇಳಿಸುವುದು, ಯಾರ ಹೊಲಕ್ಕೆ ಯಾವಾಗ ನೀರು ಎಂದು ಪಾಳಿ ನೋಡುವುದು ಅವನ ಕೆಲಸ. ಕಾಲುವೆಯಲ್ಲಿ ಮೇಲಿನವರು ಮೊದಲು ನೀರು ಎಳೆದುಕೊಳ್ಳುತ್ತಾರೆ; ಕೊನೆಯವನ ಗದ್ದೆಗೆ ನೀರಿನ ಸುದ್ದಿ ಮಾತ್ರ ಬರುತ್ತದೆ. ಹಾಗಾಗಿ ಇಪ್ಪತ್ತೆಂಟು ವರ್ಷ ಗೋಣೆಪ್ಪ ನಡೆಸಿದ್ದು ಒಂದೇ ಕಾನೂನು: ಕಟ್ಟಕಡೆಯವನಿಗೆ ಮೊದಲ ಪಾಳಿ. ಇದಕ್ಕಾಗಿ ಎರಡು ಸಲ ಹೊಡೆತ ತಿಂದಿದ್ದ.

ಅವನ ಮೊಮ್ಮಗಳು ಗಂಗಾಳಿಗೆ ಎಂಟು ವರ್ಷ. ಕಾರವಾರದಲ್ಲಿ ಸಮುದ್ರಕ್ಕೆ ಮುಖ ಮಾಡಿದ ಜೋಕಾಲಿ ಇದೆ, ಮುಂದೆ ತೂಗಿದರೆ ಕಾಲಿನ ಕೆಳಗೆ ಬರೀ ನೀರು ಕಾಣುತ್ತದೆ ಎಂದು ಯಾರೋ ಅವಳಿಗೆ ಹೇಳಿದ್ದರು. ಒಂದು ತಿಂಗಳು ಅದೇ ಜಪ. ಕೊನೆಗೆ ಜಿಲಾನಸಾಬನ ಕ್ರೂಸರ್ ಗಾಡಿ ಬಾಡಿಗೆಗೆ ಹೇಳಿ, ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು, ಎರಡೂ ಮನೆಯವರು ಹೊರಟೆವು.

ಆಟದ ತೋಟದಲ್ಲಿ ಜೋಕಾಲಿ ಎರಡು, ಮಕ್ಕಳು ನಲವತ್ತು. ದೊಡ್ಡ ಹುಡುಗರು ಗಂಗಾಳನ್ನು ಮೂರು ಸಲ ಬದಿಗೆ ತಳ್ಳಿದರು. ನಾಲ್ಕನೆಯ ಸಲಕ್ಕೆ ಗೋಣೆಪ್ಪ ಟವೆಲ್ಲು ಕೊಡವಿ ಎದ್ದ.

"ಏಯ್, ಎಲ್ಲಾರೂ ಸಾಲಾಗಿ ನಿಂದರ್ರಿ! ಒಬ್ಬೊಬ್ಬರಿಗೆ ಇಪ್ಪತ್ ಸಲ ತೂಗೋದು."

ಆ ಗಂಟಲು ಕಾಲುವೆಯ ಆಚೆ ದಡಕ್ಕೆ ಕೇಳುವಂಥದ್ದು. ತೋಟದ ದೊಡ್ಡ ಅಧಿಕಾರಿಯೇ ಬಂದನೆಂದುಕೊಂಡು ಮಕ್ಕಳು ಸಾಲಾಗಿ ನಿಂತರು.

"ಕಟ್ಟಕಡಿಗೆ ಯಾರ್ ಅದೀರಿ? ಬರ್ರಿ, ಮೊದಲ ಪಾಳಿ ನಿಮ್ದು."

ಇಬ್ಬರು ಹೋದರು, ತೂಗಿದರು. ಮತ್ತಿಬ್ಬರು. ಅಷ್ಟರಲ್ಲಿ ಮಕ್ಕಳಿಗೆ ಕಾನೂನು ಅರ್ಥವಾಯಿತು. ಮುಂದಿದ್ದವರು ಓಡಿ ಹಿಂದೆ ನಿಂತರು. ಹಿಂದಿದ್ದವರು ಅವರ ಹಿಂದೆ ನಿಂತರು. ಇಡೀ ಸಾಲು ಏಡಿಯಂತೆ ಹಿಂದಕ್ಕೆ ಸರಿಯುತ್ತ ನೀರಿನ ಕಡೆ ನಡೆಯಿತು. ಗಂಗಾ ಮಾತ್ರ ಅಜ್ಜ ನಿಲ್ಲಿಸಿದಲ್ಲೇ ನಿಂತಳು. ಎಲ್ಲರೂ ಹಿಂದೆ ಹೋದದ್ದರಿಂದ ಅವಳು ಸಾಲಿನ ಮೊದಲಿಗಳಾದಳು. ಮೊದಲಿಗಳಾದ್ದರಿಂದ ಅವಳ ಪಾಳಿ ಕೊನೆಗೆ ಬಿತ್ತು.

"ನಾಕಕ್ಕ ಬಿಡೂನ್ರಿ, ಘಾಟ್ ಬೆಳಕಿನ್ಯಾಗ ದಾಟಬೇಕು," ಎಂದು ಜಿಲಾನಸಾಬ ಬಂದು ಹೇಳಿ ಹೋದ. ಮೂರೂವರೆ ಆಗಿತ್ತು.

"ಗೋಣೆಪ್ಪ, ನಿನ್ನ ಮೊಮ್ಮಗಳನ್ನ ಒಮ್ಮೆ ಕೂಡಿಸಿಬಿಡೋ ಮಾರಾಯ," ಎಂದೆ.

"ಹ್ಯಾಂಗ್ರೀ ಮಾಸ್ತರ? ನಮ್ಮಕಿ ಅಂತ ಬಿಟ್ರ ಅದು ಪಾಳಿ ಹ್ಯಾಂಗ ಆಗ್ತೈತಿ?"

ಅವನ ಹೆಂಡತಿ ಕಸ್ತೂರೆಮ್ಮ ಹಣೆ ಬಡಿದುಕೊಂಡಳು. "ಊರಾಗೂ ಇದ, ಇಲ್ಲೂ ಇದ. ನಮ್ಮ ಹೊಲಕ್ಕ ಒಂದಿನಾ ಮೊದಲ ನೀರ ಬಿಟ್ಟಾರೇನ್ರಿ ಇವ್ರು?"

ಹೇಮಾ ನನ್ನ ಕಡೆ ತಿರುಗಿದಳು. "ಮನಿ ತುಂಬ ಪುಸ್ತಕ ಇಟ್ಟೀರಿ. ಏನಾರ ಉಪಾಯ ಹೇಳ್ರಿ."

ನನಗೆ ಉಪಾಯ ಹೊಳೆಯಿತು. (ಹೊಳೆಯಬಾರದಿತ್ತು.) ಹಿಂದೆ ಯಾರೂ ನಿಲ್ಲಲಾಗದ ಜಾಗ ಎಂದರೆ ಸಮುದ್ರದ ಅಂಚು. ಗಂಗಾಳನ್ನು ಹಸಿ ಮರಳಿನ ಕೊನೆಗೆ ಕರೆದೊಯ್ದು ನಿಲ್ಲಿಸಿ, ಇನ್ಯಾರೂ ಹಿಂದೆ ತೂರದಂತೆ ನೀರಿಗೆ ಬೆನ್ನು ಕೊಟ್ಟು ನಾನು ಕಾವಲು ನಿಂತೆ.

"ಮಾಸ್ತರ, ಮ್ಯಾಲ ಎಲ್ಲೋ ಗೇಟ್ ಎತ್ತಿದಂಗ ಐತ್ರಿ! ನೀರ ಹೆಚ್ಚಾಗಾಕತ್ತೈತಿ, ಈ ಕಡಿ ಬರ್ರಿ!" ಎಂದು ಗೋಣೆಪ್ಪ ಜೋಕಾಲಿಯ ಕಡೆಯಿಂದ ಕೂಗಿದ.

ನನ್ನೊಳಗಿನ ಮೇಷ್ಟ್ರು ಎಚ್ಚರಗೊಂಡ. "ಗೋಣೆಪ್ಪ, ಇದು ಕಾಲುವೆಯಲ್ಲ, ಸಮುದ್ರ. ಭರತ, ಇಳಿತ ಅಂತ ಇರ್ತಾವ. ನಾನು ಓದಿಕೊಂಡೇ ಬಂದೀನಿ. ಈಗ ಇಳಿತದ..."

ವಾಕ್ಯದ ಉಳಿದ ಭಾಗ ನೀರಿನೊಳಗೆ ನಡೆಯಿತು. ಗಂಗಾ ಚಿಗರೆಯಂತೆ ಮುಂದಕ್ಕೆ ಜಿಗಿದು ಪಾರಾದಳು. ನಾನು ಬಾಯಿ ತುಂಬ ಉಪ್ಪು, ಜೇಬು ತುಂಬ ಮರಳು ಹೊತ್ತು ಎದ್ದು ನಿಂತಾಗ ನಲವತ್ತು ಮಕ್ಕಳು ಕುಣಿಯುತ್ತಿದ್ದರು.

"ಆತಲ್ಲ," ಎಂದೆ. "ಈಗ ಗಂಗಾನೇ ಕಟ್ಟಕಡೆಯವಳು. ಕೂಡಿಸು."

ಗೋಣೆಪ್ಪ ಸಾಲನ್ನು ಆ ತುದಿಯಿಂದ ಈ ತುದಿಗೆ ನೋಡಿದ. "ಇಲ್ರೀ. ಗಂಗಾನ ಹಿಂದ ನೀವ ಅದೀರಿ. ಪಾಳಿ ನಿಮ್ದು."

"ನನ್ನ ಪಾಳಿ ಅವಳಿಗೆ ಕೊಟ್ಟೆ."

"ಪಾಳಿ ಕೊಡಂಗಿಲ್ಲ, ಮಾರಂಗಿಲ್ಲ. ಬರ್ರಿ ಮಾಸ್ತರ, ಹೊತ್ತಾಗತೈತಿ."

ಐವತ್ತೈದನೆಯ ವಯಸ್ಸಿನಲ್ಲಿ, ಒದ್ದೆ ಪ್ಯಾಂಟಿನಲ್ಲಿ, ನಾನು ಜೋಕಾಲಿಯನ್ನು ಅಲಂಕರಿಸಿದೆ. ತೊಡೆಯ ಮೇಲೆ ಗಂಗಾಳನ್ನು ಕೂಡಿಸಿಕೊಳ್ಳಬಾರದೆಂದು ಕಾಲುವೆಯ ಕಾನೂನಿನಲ್ಲಿ ಎಲ್ಲೂ ಇರಲಿಲ್ಲ. ಗೋಣೆಪ್ಪ ಸ್ವಲ್ಪ ಯೋಚಿಸಿ ಒಪ್ಪಿದ. ತಾನೇ ಹಿಂದೆ ನಿಂತು ತೂಗಿದ.

"ಕಾಕಾ, ಕಾಲಿನ ಬುಡಕ ಬರೇ ನೀರ ಐತ್ರಿ!" ಎಂದು ಗಂಗಾ ಕೂಗಿದಳು.

ಗೋಣೆಪ್ಪ ಎಣಿಸುತ್ತಿದ್ದ. ಹದಿನೆಂಟು, ಹತ್ತೊಂಬತ್ತು, ಹತ್ತೊಂಬತ್ತು, ಹತ್ತೊಂಬತ್ತು.

"ಅಜ್ಜಾ, ಇಪ್ಪತ್ತು ಆಯ್ತು!" ಎಂದು ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಚೀರಿದಳು.

"ಎಲ್ಲ್ಯಾತವ್ವ? ನಾ ಎಣಸಾಕತ್ತೇನಲ್ಲ," ಎಂದು ಗೋಣೆಪ್ಪ ಆಕಾಶ ನೋಡುತ್ತ ಮತ್ತೆ ಹತ್ತೊಂಬತ್ತು ಅಂದ. ಇಪ್ಪತ್ತೆಂಟು ವರ್ಷದಲ್ಲಿ ಅವನು ಲೆಕ್ಕ ತಪ್ಪಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ವಾಪಸು ಬರುವಾಗ ನನ್ನ ಮೈಮೇಲೆ ಇದ್ದದ್ದು ಅರೆ ಒಣಗಿದ ಅಂಗಿ ಮತ್ತು ಕಸ್ತೂರೆಮ್ಮ ಹೆಚ್ಚಿಗೆ ತಂದಿದ್ದ ಹಸಿರು ಸೀರೆ. ಯಲ್ಲಾಪುರದಲ್ಲಿ ಎಲ್ಲರೂ ಚಹಾಕ್ಕೆ ಇಳಿದರು, ನಾನು ಇಳಿಯಲಿಲ್ಲ. ಹೇಮಾ ಕಿಟಕಿಯಲ್ಲಿ ಲೋಟ ಚಾಚಿ, ನನ್ನ ಹೆಸರಿಗೂ ಸೀರೆ ಉಡಿಸಿ, "ತಗೋಳವ್ವಾ ಗೋವಿಂದವ್ವ," ಎಂದಳು. ಚಹಾದಂಗಡಿಯವನೂ ನಕ್ಕ.

ಗೋಣೆಪ್ಪ ನನ್ನ ಪಕ್ಕದಲ್ಲಿ ಕಿಟಕಿಗೆ ಕೂತಿದ್ದ. ನನ್ನ ಪ್ಯಾಂಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಹೊರಗೆ ಗಾಳಿಗೆ ಬಿಟ್ಟಿದ್ದ.

"ಒಳಗ ತಗೋರಿ, ಹಾರಿ ಹೋದೀತು," ಎಂದಳು ಕಸ್ತೂರೆಮ್ಮ.

"ಹಿಡಿದೀನಲ್ಲ, ಎಲ್ಲಿ ಹೋಗ್ತೈತಿ? ಮಾಸ್ತರ ಸೀರಿ ಉಟ್ಟಗೊಂಡ ಊರಾಗ ಇಳೀಬೇಕೇನು?"

ಗಂಗಾ ನಿದ್ದೆ ಹೋಗಿದ್ದಳು. ಕಲಘಟಗಿ ಬರುವ ಮೊದಲು ಅವನು ಪ್ಯಾಂಟನ್ನು ಒಳಗೆಳೆದು, ಅದರ ಕಾಲು, ಸೊಂಟ ಎಲ್ಲ ಮುಟ್ಟಿ ನೋಡಿದ.

"ಮಾಸ್ತರ, ಒಂದ್ ಮಗ್ಗಲ ಒಣಗೈತ್ರಿ," ಎಂದ. ಆಮೇಲೆ ಅದನ್ನು ತಿರುವಿ, ಇನ್ನೊಂದು ಮಗ್ಗುಲನ್ನು ಗಾಳಿಗೆ ಹಿಡಿದ.