ತೂತು ಮುಚ್ಚುವವರ ನಡುವೆ ಬದನೆ ಬೆಳೆದದ್ದು

ನಾನು ಸಿಟ್ಟಿನ ಹೆಂಗಸಲ್ಲ. ಸಿಟ್ಟು ತರಿಸುವವರೇ ಹುಡುಕಿಕೊಂಡು ನಮ್ಮ ಮನೆ ಮೆಟ್ಟಿಲು ಹತ್ತುತ್ತಾರೆ. ಮೊದಲೆಲ್ಲ ಅಪರೂಪಕ್ಕೆ ಆಗುತ್ತಿತ್ತು. ತಾರಸಿಯಲ್ಲಿ ತರಕಾರಿ ಬೆಳೆಯಲು ಹೊರಟ ಮೇಲೆ ದಿನಾ ಆಗುತ್ತಿದೆ.

ಕೊಪ್ಪದ ಪಕ್ಕ ಬಾಳಗಡಿಯಲ್ಲಿ ಮಹಡಿ ಮೇಲಿನ ಬಾಡಿಗೆ ಮನೆ ನಮ್ಮದು. ಅಡುಗೆಮನೆ ಬಾಗಿಲು ತೆಗೆದರೆ ತೆರೆದ ತಾರಸಿ, ಅದಕ್ಕೆ ಹೊರಗಿನಿಂದಲೂ ಮೆಟ್ಟಿಲು, ಅದರ ಕೆಳಗೇ ಓನರ ಹಾಲ್. ನಾನು ನರ್ಸಾಗಿದ್ದು ರಿಟೈರ್ ಆದವಳು. ರೋಗಿಗಳನ್ನು ಎತ್ತಿ ಎತ್ತಿ ಸೊಂಟ ಹೋಗಿದೆ. "ಇನ್ನು ಕೊಡಪಾನ ಮುಟ್ಟಿದ್ರೆ ನನ್ನ ಹತ್ರ ಬರಬೇಡಿ" ಎಂದು ಡಾಕ್ಟರು ಬೈದು ಕಳಿಸಿದರು. ದಿನಾ ನೀರು ಹೊರದೆ ಗಿಡ ಸಾಕುವುದು ಹೇಗೆಂದು ಫೋನಿನಲ್ಲಿ ಹುಡುಕಿದಾಗ ಸಿಕ್ಕಿದ್ದು ವಿಕಿಂಗ್ ಬೆಡ್. ದೊಡ್ಡ ವಿದ್ಯೆಯೇನಲ್ಲ. ಡ್ರಮ್ಮಿನ ತಳದಲ್ಲಿ ಒಡೆದ ಹಂಚಿನ ಚೂರು, ಅದರ ನಡುವೆ ನೀರು. ಚೂರಿನ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಮಣ್ಣು. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಮಣ್ಣು ಕೆಳಗಿನಿಂದ ನೀರು ಎಳೆದುಕೊಳ್ಳುತ್ತದೆ. ನೀರು ಹಾಕಲು ತಳದವರೆಗೆ ನೆಟ್ಟಗೆ ನಿಲ್ಲಿಸಿದ ಒಂದು ಪೈಪು. ಹೆಚ್ಚಾದ ನೀರು ಹೋಗಲು, ಹಂಚಿನ ಚೂರು ಮುಗಿಯುವ ಎತ್ತರಕ್ಕೆ ಡ್ರಮ್ಮಿನ ಪಕ್ಕದಲ್ಲೊಂದು ತೂತು. ಒಮ್ಮೆ ತುಂಬಿಸಿದರೆ ವಾರ ತಲೆಬಿಸಿ ಇಲ್ಲ.

ಓನರು ಒಂದು ಷರತ್ತಿನ ಮೇಲೆ ಒಪ್ಪಿದರು. "ನನ್ನ ಹಾಲಿಗೆ ಒಂದು ಹನಿ ಇಳಿದ್ರೂ ಮಾರನೇ ದಿನ ಎಲ್ಲ ಕೆಳಗೆ. ಆಮೇಲೆ ಬೇಜಾರು ಮಾಡ್ಕಬಾರದು." ಗಿಡ ಇಲ್ಲದಿದ್ದರೆ ನಾನು ಬೆಳಗಿಂದ ಸಂಜೆವರೆಗೆ ಟೀವಿ ಮುಂದೆ ನಮ್ಮನೆಯವರ ಜೊತೆ ಕೂರಬೇಕು. ತಕ್ಷಣ ಒಪ್ಪಿದೆ.

ಮನೆಯವರನ್ನು ಕಳಿಸಿ

ಕೊಪ್ಪದ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ನೀಲಿ ಡ್ರಮ್ಮನ್ನು ಅಡ್ಡಕ್ಕೆ ಕೊಯ್ದು ಪಕ್ಕಕ್ಕೊಂದು ತೂತು ಹೊಡೆದು ಕೊಡಿ ಎಂದೆ.

"ನೀರು ತುಂಬಿಸ್ಲಿಕ್ಕಾ ಅಕ್ಕ?" ಎಂದ ಅಂಗಡಿಯವನು.

"ಹೌದು."

"ಮತ್ತೆ ತೂತು ಎಂತಕ್ಕೆ?"

"ನೀರು ಹೋಗ್ಲಿಕ್ಕೆ."

ಅವನು ಗರಗಸ ಕೆಳಗಿಟ್ಟ. "ನೀರು ಇರ್ಬೇಕಾ, ಹೋಗ್ಬೇಕಾ? ಯಾವುದಾದ್ರೂ ಒಂದು ಹೇಳಿ."

"ಎರಡೂ. ಸ್ವಲ್ಪ ಇರ್ಬೇಕು, ಹೆಚ್ಚಾದದ್ದು ಹೋಗ್ಬೇಕು."

"ಅಕ್ಕ, ನೀವು ಮನೆಯವರನ್ನ ಕಳ್ಸಿ. ಅವರ ಹತ್ರ ಮಾತಾಡ್ತೀನಿ."

ಮೈಯೆಲ್ಲ ಉರಿದುಹೋಯಿತು. ದೊಡ್ಡ ದೊಡ್ಡ ಸರ್ಜನ್ನರ ಕೈಗೆ ಕತ್ತರಿ ಕೊಟ್ಟವಳು ನಾನು. ಪ್ಲಾಸ್ಟಿಕ್ ಡ್ರಮ್ಮಿಗೊಂದು ತೂತು ಹೊಡೆಸಲು ಗಂಡಸಿನ ಶಿಫಾರಸು ಬೇಕಂತೆ! ಆದರೂ ಕೆಲಸ ಆಗಲಿ ಎಂದು ನಮ್ಮನೆಯವರಿಗೆ ಎಲ್ಲ ಬಿಡಿಸಿ ಹೇಳಿ ಕಳಿಸಿದೆ. ಸಂಜೆ ಆಟೋದಲ್ಲಿ ಡ್ರಮ್ಮು ಹಾಕಿಕೊಂಡು ಗೆದ್ದವರ ಹಾಗೆ ಬಂದರು. ಕೊಯ್ದದ್ದು ಚೆನ್ನಾಗಿತ್ತು. ತೂತು ಮಾತ್ರ ತಳದ ಮಧ್ಯದಲ್ಲಿತ್ತು.

"ಅಡಿಯಲ್ಲಿದ್ರೆ ಒಳ್ಳೇದಂತೆ. ಪೂರ್ತಿ ಖಾಲಿ ಆಗ್ತದಂತೆ" ಎಂದರು.

ಅದು ಈಗ ಕೊಳೆಬಟ್ಟೆ ಹಾಕುವ ಡ್ರಮ್ಮು. ಮಾರನೇ ದಿನ ನಾನೇ ಹೋಗಿ ಕೌಂಟರಿಗೆ ಕೈ ಊರಿ ನಿಂತೆ. ಅಂಗಡಿಯವನು ನನ್ನ ಮುಖ ನೋಡಿದವನೇ ನಾಲ್ಕು ಡ್ರಮ್ಮು ಕೊಯ್ದು, ನಾನು ಬೆರಳಿಟ್ಟಲ್ಲಿ ತೂತು ಹೊಡೆದ. ಹೊರಡುವಾಗ ಮೆಲ್ಲಗೆ ಕೇಳಿದ: "ಮನೆಯವರು ಹುಷಾರಾಗಿದ್ದಾರಾ ಅಕ್ಕ?"

ಕಷಾಯ

ಪುನರ್ವಸು ಮಳೆ ಹಿಡಿದಿದ್ದಾಗ ನಾನು ನರಸಿಂಹರಾಜಪುರದ ಅಕ್ಕನ ಮನೆಗೆ ಹೋಗಿದ್ದೆ. ಹಿಂದಿರುಗಿ ನೋಡಿದರೆ ನಾನು ನೆಟ್ಟಿದ್ದ ಬದನೆ ಗಿಡವೆಲ್ಲ ಹಳದಿ, ಡ್ರಮ್ಮಿನ ತುಂಬ ನೀರು. ಬಗ್ಗಲಾರದ ಸೊಂಟ ಬಗ್ಗಿಸಿ ನೋಡಿದೆ. ಅಷ್ಟೂ ತೂತಿಗೆ ಹಳೇ ಬನಿಯನ್ನಿನ ಚೂರು ತುರುಕಿ, ಮೇಲೆ ಮೇಣದಬತ್ತಿ ಕರಗಿಸಿ ಸುರಿದಿತ್ತು.

"ನೀರು ಹೊರಗೆ ಬರ್ತಾ ಇತ್ತು ಮಾರಾಯ್ತಿ" ಎಂದರು ನಮ್ಮನೆಯವರು. "ಓನರು ನೋಡಿದ್ರೆ ಕಷ್ಟ ಅಂತ ಬಂದ್ ಮಾಡ್ದೆ."

"ಬರ್ಲಿಕ್ಕೇ ಇರೋ ತೂತು ಅದು!" ಎಂದು ಕಿರುಚಿದೆ. ಕಿರುಚಿದ ಸದ್ದಿಗೆ ಡ್ರಮ್ಮಿನ ಒಳಗಿಂದ ಗೊರ್ ಎಂದು ಉತ್ತರ ಬಂತು. ಕೈಯಗಲದ ಕಪ್ಪೆಯೊಂದು ಸ್ವಂತ ಜಾಗದ ಹಾಗೆ ಕೂತಿತ್ತು.

ಅಷ್ಟರಲ್ಲಿ ಓನರ ಹೆಂಡತಿ ಒಂದು ಫ್ಲಾಸ್ಕ್ ಹಿಡಿದು ಮೇಲೆ ಬಂದರು. "ಕಷಾಯ. ಮಲಗೋ ಮುಂಚೆ ಕುಡೀರಿ."

"ನನಗೆಂತಕ್ಕೆ ಅಕ್ಕ?"

"ನಾಚ್ಕಬೇಡಿ. ವಾರದಿಂದ ಮೇಲೆ ಗೊರ್ ಗೊರ್ ಅಂತ ಸದ್ದು. ಎಂತದು ಅಂತ ಕೇಳಿದ್ರೆ, ಹೆಂಡತಿ ಗೊರಕೆ ಅಂತ ನಿಮ್ಮನೆಯವರು ಹೇಳಿದ್ರು."

ನಿಂತ ನೀರಿನ ವಿಷಯ ಹೊರಬೀಳಬಾರದೆಂದು ಆ ಮನುಷ್ಯ ನನ್ನ ಮಾನ ಮಾರಿದ್ದರು! "ವಾರ ಪೂರ್ತಿ ನಾನು ಊರಲ್ಲೇ ಇರ್ಲಿಲ್ಲ ಅಕ್ಕ" ಎಂದೆ ಹಲ್ಲು ಕಚ್ಚಿ.

ಅವರು ಫ್ಲಾಸ್ಕನ್ನು ಎದೆಗವಚಿಕೊಂಡು ನಮ್ಮನೆಯವರನ್ನು ಮೇಲಿಂದ ಕೆಳಗೆ ನೋಡಿದರು. "ಹೌದಾ? ಹಂಗಾದ್ರೆ ಗೊರಕೆ ಹೊಡೆದ ಹೆಂಗಸು ಯಾರು?"

ನಮ್ಮನೆಯವರು ಕಪ್ಪೆ ಹಿಡಿದು ತೋರಿಸಿ ಮಾನ ಉಳಿಸಿಕೊಳ್ಳಬೇಕಾಯಿತು.

ಅಕ್ಕಚ್ಚು

ದೀಪಾವಳಿ ಕಳೆದ ಮೇಲೆ ನೆಮ್ಮಾರಿನಿಂದ ನಾದಿನಿ ಹಲ್ಲು ತೋರಿಸಲು ಬಂದು ನಮ್ಮಲ್ಲಿ ಉಳಿದಳು. ಅವಳ ಮನೆಯಲ್ಲಿ ಅಕ್ಕಚ್ಚು, ಅಂದರೆ ಅಕ್ಕಿ ತೊಳೆದ ನೀರು, ಗಂಜಿ, ಉಳಿದ ಮಜ್ಜಿಗೆ ಎಲ್ಲ ಸೇರಿದ್ದು, ನೇರ ಹಸುವಿನ ಬಾಯಿಗೆ. ನಮ್ಮ ಮನೆಯಲ್ಲಿ ಅದು ಸಿಂಕಿಗೆ ಹೋಗುವುದನ್ನು ನೋಡಿ ಅವಳಿಗೆ ಜೀವ ಚುರ್ ಎಂದಿತಂತೆ. ನನಗೆ ಹೇಳಲಿಲ್ಲ. ದಿನಾ ತಪ್ಪದೆ ನನ್ನ ಡ್ರಮ್ಮುಗಳ ಪೈಪಿಗೆ ಸುರಿದಳು.

ಸ್ವಲ್ಪ ದಿನದಲ್ಲೇ ಎಂಥ ವಾಸನೆ ಎದ್ದಿತೆಂದರೆ, ಸತ್ತ ಇಲಿ ಹುಡುಕಲು ಓನರು ಅಟ್ಟದ ಸಾಮಾನೆಲ್ಲ ಅಂಗಳಕ್ಕೆ ಹಾಕಿದರು. ನಾನು ಒಂದು ಡ್ರಮ್ಮು ಅಗೆಸಿದಾಗ ಹಂಚಿನ ಚೂರೆಲ್ಲ ಲೋಳೆ ಹಿಡಿದಿತ್ತು.

"ಅದು ಹಸು ಅಲ್ಲ ಮಾರಾಯ್ತಿ, ಪೈಪು!" ಎಂದು ಕೂಗಾಡಿದೆ.

ನಾದಿನಿಗೆ ನನಗಿಂತ ಜೋರು ಸಿಟ್ಟು ಬಂತು. "ಹಂಗಾದ್ರೆ ಬಾಯಿ ತೆರೆದು ಎಂತಕ್ಕೆ ನಿಲ್ಸಿದ್ದೀರಿ ಅತ್ತಿಗೆ?"

ಕೇಳಿದರೆ ಬರುವುದಿಲ್ಲ

ಇಷ್ಟಾಗಿಯೂ ಚಳಿಗಾಲಕ್ಕೆ ಬದನೆ ಚೇತರಿಸಿಕೊಂಡು ಹೂ ಬಿಟ್ಟಿತು. ಪಕ್ಕದಲ್ಲಿ ಹೊಸ ಸಸಿಗಳೂ ಎದ್ದವು. ಆಗ ಶುರುವಾಯಿತು ಕಳ್ಳತನ. ಇವತ್ತು ಒಂದು ಸಸಿ ಇಲ್ಲ, ನಾಳೆ ಇನ್ನೊಂದಿಲ್ಲ.

"ಮಂಗ" ಎಂದರು ನಮ್ಮನೆಯವರು.

ಮಂಗ ಬಂದರೆ ರಂಪ ಎಬ್ಬಿಸಿ ಹೋಗುತ್ತದೆ. ಇಲ್ಲಿ ಸಸಿ ಕಿತ್ತ ಗುಂಡಿಗೆ ಮಣ್ಣು ತುಂಬಿ, ಅಂಗೈಯಲ್ಲಿ ಸವರಿ ಸಮ ಮಾಡಿತ್ತು. ಅಷ್ಟು ಮರ್ಯಾದಸ್ಥ ಮಂಗ ಕೊಪ್ಪ ತಾಲ್ಲೂಕಿನಲ್ಲೇ ಇಲ್ಲ. ಇದು ಹೆಂಗಸರ ಕೆಲಸವೆಂದು ನನಗೆ ಗೊತ್ತಾಯಿತು. ನಮ್ಮ ಕಡೆ ಒಂದು ನಂಬಿಕೆಯಿದೆ: ಕೇಳಿ ತಂದ ಗಿಡ ಬದುಕುವುದಿಲ್ಲ, ಕದ್ದು ತಂದದ್ದೇ ಚೆನ್ನಾಗಿ ಬರುವುದು. ಎಂಥ ಒಳ್ಳೆ ಮನೆತನದವರೂ ಡೇರೆ ಹೂವಿನ ಗಿಡ ಕಂಡರೆ ಬೇಲಿಯೊಳಗೆ ಕೈ ಹಾಕುತ್ತಾರೆ. ಯಾರನ್ನು ಹಿಡಿಯುವುದು? ಒಳಗೊಳಗೇ ಕುದಿಯುತ್ತ ಸುಮ್ಮನಾದೆ.

ಶಿವರಾತ್ರಿ ಕಳೆದು, ಆಕಾಶದಲ್ಲಿ ಒಂದು ಮೋಡವೂ ಇಲ್ಲದ ಬೆಳಿಗ್ಗೆ ಓನರು ದಬದಬ ಮೆಟ್ಟಿಲು ಹತ್ತಿ ಬಂದರು. ಹಿಂದೆಯೇ ಅವರ ಹೆಂಡತಿ. "ಟೀವಿ ಮೇಲೆ ನೀರಿಳೀತಾ ಇದೆ! ನಾಳೆ ಎಲ್ಲ ಕೆಳಗೆ. ಮಾತು ಮಾತೇ."

ನನ್ನ ಡ್ರಮ್ಮುಗಳ ಅಡಿ ಒಣಗಿ ಬಿಳಿಚಿಕೊಂಡಿತ್ತು. ತೋರಿಸಿದೆ. ಅವರು ನೋಡಲೊಲ್ಲರು. ನಮ್ಮನೆಯವರು ಆಗಲೇ ಪಂಚೆ ಮೇಲೆ ಕಟ್ಟಿ ಮೊದಲ ಡ್ರಮ್ಮಿಗೆ ಕೈ ಹಾಕಿದರು. ಅದರಲ್ಲಿ ಬದನೆ ಗೊಂಚಲು ಗೊಂಚಲಾಗಿ ನೇತಾಡುತ್ತಿತ್ತು. ನನಗೆ ಅಳು ಒತ್ತರಿಸಿ ಬಂತು. ಇಷ್ಟು ಜನರ ದಡ್ಡತನವನ್ನೆಲ್ಲ ಸಹಿಸಿಕೊಂಡು ಬೆಳೆದ ಗಿಡ ಅದು.

"ಮುಟ್ಟಿದ್ರೆ ನೋಡಿ!" ಎಂದು ಗುಡುಗಿದೆ. "ಸಾರ್, ಟೀವಿ ಇರೋದು ನಿಮ್ಮ ಹಾಲಿನ ಆ ಮೂಲೇಲಿ. ಅದರ ಮೇಲೆ ಬರೋದು ನೀರಿನ ಟ್ಯಾಂಕಿನಾಚೆ. ಮೊದಲು ಅಲ್ಲಿ ಹೋಗಿ ನೋಡಿ."

ಟ್ಯಾಂಕಿನಾಚೆ ಹೋಗಲು ಪೈಪುಗಳ ಅಡಿ ಬಗ್ಗಿ ನುಸುಳಬೇಕು. ಓನರು ನುಸುಳಿದರು. ಆ ಕಡೆಯಿಂದ ದನಿ ಬಂತು: "ಇಲ್ಲೂ ಒಂದು ಇಟ್ಟಿದ್ದೀರಲ್ಲ!"

"ಈ ಸೊಂಟದಲ್ಲಿ ಅಲ್ಲಿಗೆ ನಾನು ಹೆಂಗೆ ಬರ್ಲಿ ಸಾರ್?"

ಏನೋ ಎಳೆಯುವ ಸದ್ದಾಯಿತು. ಆಮೇಲೆ ಮಗುವಿಗೆ ಸ್ನಾನ ಮಾಡಿಸುವ ಗುಲಾಬಿ ಟಬ್ಬೊಂದನ್ನು ಎಳೆದುಕೊಂಡು ಹೊರಬಂದರು. ಹಂಚಿನ ಚೂರು, ಬಟ್ಟೆ, ಪೈಪು, ಮಣ್ಣು, ನನ್ನ ಬದನೆ ಸಸಿಗಳು, ಎಲ್ಲ ಇತ್ತು. ತೂತು ಮಾತ್ರ ಇರಲಿಲ್ಲ. ಅಂಚು ಮೀರಿ ನೀರು ಚೆಲ್ಲುತ್ತಿತ್ತು.

"ಇದು ನಮ್ಮ ಮೊಮ್ಮಗನ ಟಬ್ಬಲ್ವಾ?" ಎಂದು ಓನರು ಹೆಂಡತಿಯ ಕಡೆ ತಿರುಗಿದರು. ಅವರು ಸೆರಗು ಸರಿಮಾಡಿಕೊಳ್ಳುತ್ತಿದ್ದರು.

"ಅಕ್ಕ, ಒಂದು ಮಾತು ಕೇಳಿದ್ರೆ ಬುಟ್ಟಿ ತುಂಬ ಸಸಿ ಕೊಡ್ತಿದ್ನಲ್ಲ!" ಎಂದೆ.

"ಕೇಳಿದ್ರೆ ಬರಲ್ಲ ಅಲ್ವಾ?"

"ಸರಿ, ಗಿಡ ಕದ್ರಿ. ತೂತು ಎಂತಕ್ಕೆ ಹೊಡೀಲಿಲ್ಲ?"

"ಎಷ್ಟು ಎತ್ತರಕ್ಕೆ ಅಂತ ಕೇಳ್ಲಿಕ್ಕೆ ಎಷ್ಟು ಸಲ ನಿಮ್ಮ ಬಾಗಿಲಿಗೆ ಬಂದೆ ಮಾರಾಯ್ತಿ! ಕೇಳಿಬಿಟ್ರೆ ಎಲ್ಲಿ ಗಿಡ ಸಾಯ್ತದೋ ಅಂತ ವಾಪಸ್ ಹೋದೆ."

ಓನರು ಟವೆಲಿನಲ್ಲಿ ಮುಖ ಒರೆಸಿಕೊಂಡು ಇಳಿದುಹೋದರು. ನನ್ನ ಡ್ರಮ್ಮುಗಳು ಇದ್ದಲ್ಲೇ ಉಳಿದವು.

ಮರುದಿನ ಬೆಳಿಗ್ಗೆ ನೋಡಿದರೆ ಓನರೇ ಡ್ರಿಲ್ ಮೆಷಿನ್ ಹಿಡಿದು ಗುಲಾಬಿ ಟಬ್ಬಿನ ಮುಂದೆ ಕೂತಿದ್ದಾರೆ. "ಅಕ್ಕ, ತೂತು ಎಷ್ಟು ಎತ್ತರಕ್ಕೆ..." ಎನ್ನುವಷ್ಟರಲ್ಲಿ ಹಿಂದೆ ನಿಂತಿದ್ದ ಹೆಂಡತಿ ಅವರ ಬಾಯಿಗೆ ಕೈ ಅಡ್ಡ ಹಿಡಿದರು. "ಕೇಳ್ಬೇಡಿ ಅಂದ್ನಲ್ಲ!"

ನನಗೆ ಸಿಟ್ಟು ನೆತ್ತಿಗೇರಿತು. ಗೋಡೆಯ ಕಡೆ ಮುಖ ತಿರುಗಿಸಿ ನಿಂತೆ. "ನಾನು ನೋಡ್ತಾ ಇಲ್ಲ. ಬೇಗ ನನ್ನ ಡ್ರಮ್ಮಿಂದ ಅಳತೆ ಕದ್ಕೊಂಡು ಹೋಗಿ!"