ನೀವು ಮೊದಲು ಹೋಗಿ

ಒಳ್ಳೆಯ ಕ್ರೈಸ್ತಳಾಗಿರುವುದು ಅಡುಗೆಮನೆಯಲ್ಲಿ ಅಷ್ಟೇನೂ ಕಷ್ಟವಲ್ಲ. ಸಾರು ಉಕ್ಕಿ ನಾನು ಸಿಡುಕಿದರೂ ಕೇಳುವವರು ನಮ್ಮೆಜಮಾನರೊಬ್ಬರೇ. ಕಷ್ಟವೆಲ್ಲ ಸ್ಟಿಯರಿಂಗ್ ಹಿಡಿದ ಮೇಲೆ. ಅವರು ಕಾರಿನ ಹಿಂದೆ ಅಂಗೈಯಗಲದ ಶಿಲುಬೆ ಅಂಟಿಸಿದಂದಿನಿಂದ ನಾನು ರಸ್ತೆಯಲ್ಲಿ ಸಾಕ್ಷಾತ್ ಕುರಿಮರಿ. ನಮ್ಮ ನಡತೆ ನೋಡಿ ನಾಲ್ಕು ಜನ ಸ್ವಾಮಿಯನ್ನು ತಿಳಿಯಬೇಕಲ್ಲ! ಅಡ್ಡ ಬಂದವರಿಗೆಲ್ಲ ದಾರಿ ಬಿಡುತ್ತೇನೆ. ಮನೆಗೆ ಬಂದು, ಕಾರಿಗೆ ಗೀರು ಬಿದ್ದಿಲ್ಲ, ಬಾಯಲ್ಲಿ ಕೆಟ್ಟ ಮಾತು ಬಂದಿಲ್ಲ, ತಂದ ಮೊಟ್ಟೆ ಒಡೆದಿಲ್ಲ ಅಂತ ಒಂದೊಂದಕ್ಕೂ ಸ್ತೋತ್ರ ಹೇಳುತ್ತೇನೆ.

ಸಿಯಾಟಲ್ ಹತ್ತಿರ ಕ್ರಾಸ್‌ರೋಡ್ಸ್ ಅನ್ನುವ ಬಡಾವಣೆಯಲ್ಲಿ ನಮ್ಮನೆ. ಪಕ್ಕದ ಮನೆಗೆ ಮಗಳನ್ನು ನೋಡಲು ಮೈಸೂರಿನಿಂದ ಬಂದಿದ್ದ ಶಾರದಮ್ಮ ಮರುದಿನ ಊರಿಗೆ ಹೊರಡುವವರಿದ್ದರು. ಹೋಗುವ ಮೊದಲು ಪಕ್ಕದೂರು ಬಾಥೆಲ್‌ನ ದೇವಸ್ಥಾನದ ಮಂಗಳಾರತಿ ನೋಡಬೇಕು, ಮೊಮ್ಮಗಳ ಹೆಸರಲ್ಲಿ ಬೇಡಿಕೊಳ್ಳಬೇಕು ಅಂತ ಆಸೆ. ಮಗಳಿಗೆ ಮೀಟಿಂಗು. "ನಾನು ಕರ್ಕೊಂಡು ಹೋಗ್ತೀನಿ ಬನ್ನಿ ಅಮ್ಮಾ" ಅಂದೆ. "ಹನ್ನೆರಡಕ್ಕೆ ಆರತಿ ಕಣಮ್ಮ, ಆಮೇಲೆ ಬಾಗಿಲು ಹಾಕಿಬಿಡ್ತಾರಂತೆ" ಅಂದರು.

ದಾರಿಯಲ್ಲಿ ನಾಲ್ಕು ಕಡೆಗೂ ಸ್ಟಾಪ್ ಬೋರ್ಡಿರುವ ಕೂಡುರಸ್ತೆ. ಮೊದಲು ಬಂದವರು ಮೊದಲು ಹೋಗಬೇಕು; ಮೊದಲು ಬಂದವಳು ನಾನೇ. ಎದುರಿನವನಿಗೆ ಹೋಗಿ ಅಂತ ಕೈಬೀಸಿದೆ. ಅವನು ನನಗೇ ಬೀಸಿದ. ಈ ಸಿಯಾಟಲ್ ಜನ ವಿನಯದಲ್ಲಿ ಸೋಲುವವರಲ್ಲ. ಶಿಲುಬೆ ಅಂಟಿಸಿಕೊಂಡ ನಾನು ಸೋತರೆ ಹೇಗೆ? ಮತ್ತೆ ಬೀಸಿದೆ. ಇಬ್ಬರೂ ಒಟ್ಟಿಗೆ ಹೊರಟೆವು, ಒಟ್ಟಿಗೆ ನಿಂತೆವು, ಮತ್ತೆ ಬೀಸಿದೆವು.

"ಇಲ್ಲೇ ಮಂಗಳಾರತಿ ಎತ್ತುತ್ತಾ ಇದೀಯಲ್ಲ ಗ್ರೇಸಿ!" ಶಾರದಮ್ಮನಿಗೆ ತಡೆಯಲಾಗಲಿಲ್ಲ.

"ಅವನು ಹೋಗ್ಲಿ ಅಮ್ಮಾ. ತಗ್ಗಿ ನಡೀರಿ ಅಂದಿದ್ದಾರೆ ನಮ್ಮ ಸ್ವಾಮಿ."

"ತಗ್ಗಿಯಾದ್ರೂ ನಡೀರಿ ಅಂದಿದ್ದಾರಲ್ವಾ? ನಡಿ ಮತ್ತೆ ತಾಯಿ!"

ಫ್ರೀವೇ ಸೇರುವಲ್ಲೂ ಒಂದಿಷ್ಟು ಜನಕ್ಕೆ ದಾರಿ ಬಿಟ್ಟು ತಲುಪುವಷ್ಟರಲ್ಲಿ ಆರತಿ ಮುಗಿದೇ ಹೋಗಿತ್ತು. ಶಾರದಮ್ಮನ ಮುಖ ನೋಡಲಾರದೆ ನಾನು ಚಪ್ಪಲಿ ಬಿಡುವಲ್ಲೇ ನಿಂತೆ. ಬಾಗಿಲು ಹಾಕುತ್ತಿದ್ದ ಅರ್ಚಕರು ಆಕೆಯನ್ನು ಕಂಡು, "ಬನ್ನಿಮ್ಮಾ, ಒಂದು ನಿಮಿಷ" ಅಂದು ಕರ್ಪೂರ ಹಚ್ಚಿದರು. ಅದಕ್ಕೂ ನಾನು ಒಳಗೊಳಗೇ ಸ್ತೋತ್ರ ಹೇಳಿದೆ.

ವಾಪಸ್ಸು ಬರುವಾಗ ಕೇಳಿದೆ: "ಏನು ಬೇಡ್ಕೊಂಡ್ರಿ ಅಮ್ಮಾ?"

"ಮೊಮ್ಮಗಳಿಗೆ ಆರೋಗ್ಯ ಕೊಡಪ್ಪಾ, ಈ ಹುಡುಗಿಗೆ ಒಂಚೂರು ಕೋಪ ಕೊಡಪ್ಪಾ ಅಂತ."

ನಗುವಷ್ಟರಲ್ಲಿ ದೊಡ್ಡದೊಂದು ಟ್ರಕ್ಕು ನಮ್ಮ ಕಾರಿನ ಮೂತಿಗೇ ಅಡ್ಡ ನುಗ್ಗಿತು. ನನ್ನ ಕೈ ಹಾರ್ನಿನ ಮೇಲೆ ಕೂತಿದ್ದು ಬೇಗ ಏಳಲೇ ಇಲ್ಲ. ಬಾಯಲ್ಲಿ "ಲೋ ಕತ್ತೆ!" ಅಂತಲೂ ಬಂತು. ಶಾರದಮ್ಮ ಕಣ್ಮುಚ್ಚಿ ಕೈಮುಗಿದು, "ಎಷ್ಟು ಬೇಗ ಕೊಟ್ಟುಬಿಟ್ಟೆಯಪ್ಪಾ!" ಅಂದರು.

ಅಂತೂ ನನ್ನ ಡ್ರೈವಿಂಗಿನಿಂದ ಒಬ್ಬರ ಭಕ್ತಿಯಾದರೂ ಹೆಚ್ಚಾಯಿತು. ಯಾವ ದೇವರ ಮೇಲೆ ಅನ್ನುವುದನ್ನು ಮಾತ್ರ ನಮ್ಮ ಪಾಸ್ಟರಿಗೆ ಇನ್ನೂ ಹೇಳಿಲ್ಲ.